ನೀರಿಗೆ ಒಗ್ಗದ ಔಷಧಿಗೆ ಯುಟೆಕ್ಟಿಕ್ ಮಿಶ್ರಣದ ಉಪಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಒಂದು ಮಾತು. ಮೇಣ ಬಿಸಿಗೆ ಕರಗುತ್ತದೆ, ಉಪ್ಪು ನೀರಿನಲ್ಲಿ ಕರಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ದಿನನಿತ್ಯದ ಮಾತಿಗೆ ಇದರಿಂದ ತೊಂದರೆಯೇನಿಲ್ಲ, ಆದರೆ ಈ ವಿಷಯದಲ್ಲಿ ಮುಕ್ಕಾಲು ಪಾಲು ಗೊಂದಲ ಹುಟ್ಟುವುದೇ ಇಲ್ಲಿಂದ. ಹಾಗಾಗಿ ಬಿಸಿಗೆ ಕರಗುವುದನ್ನು ಇಲ್ಲಿ ‘ದ್ರವವಾಗುವುದು’ ಎಂದೂ ಆ ಉಷ್ಣತೆಯನ್ನು ‘ದ್ರವನ ಬಿಂದು’ ಎಂದೂ ಕರೆದಿದ್ದೇನೆ. ನೀರಿನಲ್ಲಿ ಕರಗುವುದು ‘ವಿಲೀನವಾಗುವುದು’. ಎಷ್ಟು ಕರಗೀತು ಎಂಬ ಮಿತಿ ‘ವಿಲೀನತೆ’, ಎಷ್ಟು ಬೇಗ ಕರಗೀತು ಎಂಬುದು ‘ವಿಲೀನದ ವೇಗ’. ಇವನ್ನು ಕಲಸಿಕೊಳ್ಳದಿದ್ದರೆ ಮುಂದಿನದು ಸಲೀಸು.

ಯುಟೆಕ್ಟಿಕ್ ಮಿಶ್ರಣ ಎಂದರೇನು?

ಎರಡು ಘನವಸ್ತುಗಳನ್ನು ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆಸಿದಾಗ, ಬೆರಕೆಯು ಅವೆರಡರ ದ್ರವನ ಬಿಂದುಗಳಿಗಿಂತಲೂ ಕಡಿಮೆ ಉಷ್ಣತೆಯಲ್ಲಿ, ಒಂದೇ ಏಟಿಗೆ ದ್ರವವಾಗುತ್ತದೆ. ಆ ಪ್ರಮಾಣದ ಬೆರಕೆಯೇ ಯುಟೆಕ್ಟಿಕ್. ‘ಸುಲಭವಾಗಿ ದ್ರವವಾಗುವಂಥದ್ದು’ ಎಂಬ ಅರ್ಥದ ಗ್ರೀಕ್ ಪದದಿಂದ ಬ್ರಿಟಿಷ್ ಭೌತವಿಜ್ಞಾನಿ ಫ್ರೆಡರಿಕ್ ಗುತ್ರಿ 1884ರಲ್ಲಿ ಈ ಹೆಸರು ಕಟ್ಟಿದರು.

ಬೆಸುಗೆ ಹಾಕುವವರಿಗೆ ಇದು ಹೊಸದಲ್ಲ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327 ಡಿಗ್ರಿಯಲ್ಲಿ ದ್ರವವಾಗುತ್ತವೆ. ಸುಮಾರು 63 ಪಾಲು ತವರ, 37 ಪಾಲು ಸೀಸ ಸೇರಿದ ಬೆಸುಗೆ ತಂತಿಗೆ 183 ಡಿಗ್ರಿ ಸಾಕು. ಉಪ್ಪು ಬೆರೆತ ಮಂಜುಗಡ್ಡೆ ಮೈನಸ್ 21 ಡಿಗ್ರಿಯವರೆಗೂ ದ್ರವವಾಗಿ ಉಳಿಯಬಲ್ಲದು, ಅದರ ಹಿಂದಿರುವುದೂ ಇದೇ. ಔಷಧ ತಯಾರಿಸುವವರಿಗಂತೂ ಕರ್ಪೂರ ಮತ್ತು ಪುದೀನ ಸತ್ವವನ್ನು, ಅಂದರೆ ಮೆಂಥಾಲನ್ನು, ಒಟ್ಟಿಗೆ ಅರೆದರೆ ಕಲ್ವದಲ್ಲಿ ಪುಡಿಯ ಬದಲು ಎಣ್ಣೆಯಂಥ ದ್ರವ ಉಳಿಯುತ್ತದೆ ಎಂಬುದು ಹಳೆಯ ಅನುಭವ.

ಔಷಧಿ ನೀರಿನಲ್ಲಿ ವಿಲೀನವಾಗದಿದ್ದರೆ ಏನಾಯಿತು? ಹೇಗೂ ನುಂಗಿದ್ದೇವಲ್ಲ?

ನುಂಗಿದ್ದೇವೆ ನಿಜ, ಆದರೆ ಕರುಳಿನ ಗೋಡೆ ಪುಡಿಯನ್ನು ಹೀರುವುದಿಲ್ಲ, ವಿಲೀನವಾದ ಅಣುಗಳನ್ನು ಮಾತ್ರ ಹೀರುತ್ತದೆ. ಆಹಾರ ಸಣ್ಣ ಕರುಳನ್ನು ದಾಟಲು ತೆಗೆದುಕೊಳ್ಳುವುದು ಕೆಲವೇ ಗಂಟೆ. ಅಷ್ಟರೊಳಗೆ ವಿಲೀನವಾಗದ ಔಷಧಿ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ.

1995ರಲ್ಲಿ ಗೋರ್ಡನ್ ಅಮಿಡಾನ್ ಮತ್ತು ಸಂಗಡಿಗರು ಔಷಧಿಗಳನ್ನು ವಿಲೀನತೆ ಮತ್ತು ಕರುಳನ್ನು ದಾಟುವ ಸಾಮರ್ಥ್ಯ ಎಂಬ ಎರಡು ಅಳತೆಗಳ ಮೇಲೆ ನಾಲ್ಕು ವರ್ಗ ಮಾಡಿದರು. ಅದೇ ಬಿಸಿಎಸ್, ಅಂದರೆ ಬಯೋಫಾರ್ಮಾಸ್ಯುಟಿಕ್ಸ್ ಕ್ಲಾಸಿಫಿಕೇಷನ್ ಸಿಸ್ಟಂ. ಅತಿ ಹೆಚ್ಚಿನ ಒಂದು ಡೋಸ್ 250 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ನೀರಿನಲ್ಲಿ, ಹೊಟ್ಟೆಯಿಂದ ಕರುಳಿನವರೆಗಿನ ಪಿಎಚ್ ವ್ಯಾಪ್ತಿಯುದ್ದಕ್ಕೂ ವಿಲೀನವಾದರೆ ಅದು ‘ಹೆಚ್ಚು ವಿಲೀನತೆ’ಯ ಔಷಧಿ. ಎರಡನೇ ವರ್ಗದವು ಗೋಡೆ ದಾಟಲು ಸಿದ್ಧ, ನೀರಿಗಿಳಿಯಲು ಮಾತ್ರ ಹಿಂದೇಟು. ಈ ಪುಟದ ಗಮನವೆಲ್ಲ ಅವುಗಳ ಮೇಲೆ.

ಬೆರೆಸಿದರೆ ದ್ರವನ ಬಿಂದು ಇಳಿಯುವುದೇಕೆ?

ಒಂದೇ ಬಗೆಯ ಅಣುಗಳು ಹರಳಿನಲ್ಲಿ ಸಾಲಾಗಿ ಕೂತಿರುತ್ತವೆ, ಈ ಜೋಡಣೆಯೇ ಹರಳಿನ ‘ಜಾಲ’. ದ್ರವವಾದಾಗ ಎರಡು ಬಗೆಯ ಅಣುಗಳು ಬೆರೆತು ಅಸ್ತವ್ಯಸ್ತವಾಗಬಹುದು. ಈ ಅಸ್ತವ್ಯಸ್ತತೆ ದ್ರವದ ಪಕ್ಷಕ್ಕೆ ತೂಕ ಕೊಡುತ್ತದೆ, ಘನದ ಪಕ್ಷಕ್ಕೆ ಅಂಥ ಲಾಭವಿಲ್ಲ. ಹಾಗಾಗಿ ದ್ರವಸ್ಥಿತಿ ಕಡಿಮೆ ಉಷ್ಣತೆಯಲ್ಲೇ ಗೆಲ್ಲುತ್ತದೆ. ಆ ಎರಡು ಬಗೆಯ ಅಣುಗಳ ನಡುವೆ ಹೈಡ್ರೋಜನ್ ಬಂಧದಂಥ ಸೆಳೆತವಿದ್ದರೆ ಇಳಿತ ಇನ್ನೂ ಹೆಚ್ಚು.

ಔಷಧಿಗೆ ಇದನ್ನು ಮೊದಲು ಬಳಸಿದವರು ಯಾರು?

ಜಪಾನಿನ ಸೆಕಿಗುಚಿ ಮತ್ತು ಒಬಿ, 1961ರಲ್ಲಿ. ಅವರು ಆರಿಸಿಕೊಂಡದ್ದು ಸಲ್ಫಾಥಯಜೋಲ್ ಎಂಬ ಸಲ್ಫಾ ಔಷಧಿ ಮತ್ತು ಯೂರಿಯಾ. ಸಲ್ಫಾಥಯಜೋಲ್‌ನ ದ್ರವನ ಬಿಂದು ಸುಮಾರು 200 ಡಿಗ್ರಿ, ಯೂರಿಯಾದ್ದು 133. ತೂಕದಲ್ಲಿ 52 ಪಾಲು ಔಷಧಿ, 48 ಪಾಲು ಯೂರಿಯಾ ಸೇರಿದ ಮಿಶ್ರಣ 112 ಡಿಗ್ರಿಗೇ ದ್ರವವಾಗುತ್ತದೆ. ಅದನ್ನು ಬಿಸಿಮಾಡಿ, ತಕ್ಷಣ ತಣಿಸಿ, ಪುಡಿಮಾಡಿ ಕೊಟ್ಟಾಗ ಮನುಷ್ಯರಲ್ಲಿ ಔಷಧಿಯ ಹೀರಿಕೆ ಸಾಮಾನ್ಯ ಪುಡಿಗಿಂತ ಹೆಚ್ಚಾಯಿತು. ಅವರ ವಿವರಣೆ ಸರಳ: ನೀರು ತಗುಲಿದ ಕೂಡಲೇ ಯೂರಿಯಾ ವಿಲೀನವಾಗಿ ಜಾರುತ್ತದೆ, ಅದರೊಳಗೆ ಹುದುಗಿದ್ದ ಔಷಧಿಯ ಅತಿಸೂಕ್ಷ್ಮ ಹರಳುಗಳು ಬಿಡುಗಡೆಯಾಗುತ್ತವೆ.

ನಾಲ್ಕೈದು ವರ್ಷದಲ್ಲೇ ಗೋಲ್ಡ್‌ಬರ್ಗ್, ಗಿಬಾಲ್ಡಿ ಮತ್ತು ಕ್ಯಾನಿಗ್ ತಕರಾರು ಎತ್ತಿದರು. ಇಂಥ ವ್ಯವಸ್ಥೆಗಳಲ್ಲಿ ಒಂದಷ್ಟು ಔಷಧಿ ಹರಳಾಗಿರದೆ, ಜೊತೆಗಾರ ವಸ್ತುವಿನ ಜಾಲದೊಳಗೆ ಬಿಡಿಬಿಡಿ ಅಣುಗಳಾಗಿ ಸೇರಿಕೊಂಡ ‘ಘನದ್ರಾವಣ’ವಾಗಿರುತ್ತದೆ, ಲಾಭದ ಪಾಲು ಅದಕ್ಕೂ ಸಲ್ಲಬೇಕು ಎಂದರು. ಇಂದು ‘ಸಾಲಿಡ್ ಡಿಸ್ಪರ್ಷನ್’ ಎಂದು ಕರೆಯುವ, ಔಷಧಿಯನ್ನು ಘನ ಜೊತೆಗಾರನೊಳಗೆ ಸೂಕ್ಷ್ಮವಾಗಿ ಹರಡುವ ದೊಡ್ಡ ಶಾಖೆ ಬೆಳೆದದ್ದು ಈ ವಾದದಿಂದಲೇ. ಯುಟೆಕ್ಟಿಕ್ ಅದರ ಹಿರಿಯಣ್ಣ, ಆದರೆ ಮನೆಯಲ್ಲಿ ಮಾತು ನಡೆಯುವುದು ಈಗ ತಮ್ಮಂದಿರದ್ದು.

ದ್ರವನ ಬಿಂದು ಇಳಿದರೆ ವಿಲೀನತೆ ತಾನಾಗಿ ಏರುತ್ತದೆ, ಅಲ್ಲವೇ?

ಅಲ್ಲ. ಇಡೀ ವಿಷಯದಲ್ಲಿ ಎಲ್ಲರೂ ಎಡವುವ ಕಲ್ಲು ಇದು. ಪಠ್ಯಪುಸ್ತಕದ ಸಮೀಕರಣವೊಂದು ಇದಕ್ಕೆ ಕುಮ್ಮಕ್ಕು ಕೊಡುತ್ತದೆ: ದ್ರವನ ಬಿಂದು ಕಡಿಮೆಯಿರುವ ವಸ್ತುವಿನ ಆದರ್ಶ ವಿಲೀನತೆ ಹೆಚ್ಚು. ಸರಿ. ಆದರೆ ಆ ಸಮೀಕರಣದಲ್ಲಿರುವುದು ಶುದ್ಧ ಹರಳಿನ ದ್ರವನ ಬಿಂದು.

ಘನ ಯುಟೆಕ್ಟಿಕ್‌ನಲ್ಲಿ ಔಷಧಿಯ ಹರಳು ತನ್ನದೇ ಜಾಲವನ್ನು ಉಳಿಸಿಕೊಂಡಿರುತ್ತದೆ, ಜೊತೆಗಾರನ ಹರಳು ಅದರದ್ದನ್ನು. ಇಬ್ಬರೂ ಒತ್ತಿಕೊಂಡು ಕೂತಿದ್ದಾರೆಯೇ ಹೊರತು ಒಬ್ಬರೊಳಗೊಬ್ಬರು ಬೆರೆತಿಲ್ಲ. 37 ಡಿಗ್ರಿಯಲ್ಲಿ ನೀರಿಗೆ ಹಾಕಿದಾಗ ನೀರಿನ ಎದುರು ನಿಲ್ಲುವುದು ಅದೇ ಹಳೆಯ ಹರಳು. ಸಾಕಷ್ಟು ಹೊತ್ತು ಕಲಕಿ, ಸಮತೋಲಕ್ಕೆ ಬರುವವರೆಗೆ ಕಾದರೆ ನೀರಿನಲ್ಲಿ ಉಳಿಯುವ ಔಷಧಿಯ ಮಟ್ಟ ಮೊದಲಿನಷ್ಟೇ, ಇಲ್ಲವೇ ತುಸು ಹೆಚ್ಚು. ಹಾಗಿದ್ದರೆ ‘ಯುಟೆಕ್ಟಿಕ್‌ನಿಂದ ವಿಲೀನತೆ ಹತ್ತು ಪಟ್ಟು’ ಎಂಬಂಥ ಶೀರ್ಷಿಕೆಗಳು? ಬಹುಪಾಲು ಸಂದರ್ಭದಲ್ಲಿ ಅಲ್ಲಿ ಅಳೆದಿರುವುದು ವಿಲೀನದ ವೇಗವನ್ನು, ಅಥವಾ ಸಮತೋಲಕ್ಕೆ ಮೊದಲಿನ ಒಂದು ಗಳಿಗೆಯ ಮಟ್ಟವನ್ನು. ಅಂಥ ಕಡೆ ‘ತೋರಿಕೆಯ ವಿಲೀನತೆ’ ಎಂದು ಬರೆಯುವುದು ಪ್ರಾಮಾಣಿಕ.

ಹಾಗಾದರೆ ಲಾಭ ಬರುವುದೆಲ್ಲಿಂದ?

ಮುಖ್ಯವಾಗಿ ಮೇಲ್ಮೈಯಿಂದ. 1897ರಲ್ಲಿ ನಾಯ್ಸ್ ಮತ್ತು ವಿಟ್ನಿ ಕೊಟ್ಟ ಸೂತ್ರ, ಅದರ ನಂತರ ಬಂದ ತಿದ್ದುಪಡಿಗಳು ಹೇಳುವುದಿಷ್ಟು: ವಿಲೀನದ ವೇಗ ನೀರಿಗೆ ತೆರೆದುಕೊಂಡ ಮೇಲ್ಮೈಗೆ ತಕ್ಕಂತೆ ಏರುತ್ತದೆ. 100 ಮೈಕ್ರಾನ್ ಅಂಚಿನ ಒಂದು ಘನಾಕೃತಿಯನ್ನು 1 ಮೈಕ್ರಾನ್ ಅಂಚಿನವಾಗಿ ಒಡೆದರೆ ಒಟ್ಟು ಮೇಲ್ಮೈ ನೂರು ಪಟ್ಟು. ಯುಟೆಕ್ಟಿಕ್ ದ್ರವ ತಣಿಯುವಾಗ ಎರಡೂ ವಸ್ತುಗಳು ಏಕಕಾಲಕ್ಕೆ ಹರಳುಗಟ್ಟುತ್ತವೆ. ಒಂದು ಬೆಳೆಯಲು ಹೋದಲ್ಲಿ ಇನ್ನೊಂದು ಅಡ್ಡ ಬರುತ್ತದೆ. ಫಲವಾಗಿ ಎರಡೂ ಸಣ್ಣದಾಗಿಯೇ ಉಳಿದು, ಪದರ ಪದರವಾಗಿ ಹೆಣೆದುಕೊಳ್ಳುತ್ತವೆ. ಅರೆಯುವ ಯಂತ್ರ ಹೊರಗಿನಿಂದ ಮಾಡುವ ಕೆಲಸವನ್ನು ಇಲ್ಲಿ ಹರಳುಗಳ ಜಗಳವೇ ಮಾಡಿಕೊಡುತ್ತದೆ.

ಎರಡನೆಯದು ಒದ್ದೆಯಾಗುವಿಕೆ, ನನ್ನ ಮಟ್ಟಿಗೆ ಇದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ನೀರಿಗೆ ಒಗ್ಗದ ಔಷಧಿಯನ್ನು ಬರಿದೇ ನುಣ್ಣಗೆ ಅರೆದು ನೀರಿನ ಮೇಲೆ ಉದುರಿಸಿ ನೋಡಿ. ಮುದ್ದೆಗಟ್ಟಿ ಮೇಲೆಯೇ ತೇಲುತ್ತದೆ. ಕಣ ಸಣ್ಣದಾಗಿಯೂ ಮೇಲ್ಮೈ ನೀರಿಗೆ ಸಿಗಲಿಲ್ಲ. ಯುಟೆಕ್ಟಿಕ್‌ನಲ್ಲಿ ಪ್ರತಿ ಕಣದ ಮಗ್ಗುಲಲ್ಲೂ ನೀರನ್ನು ಬರಮಾಡಿಕೊಳ್ಳುವ ಒಬ್ಬ ಇದ್ದಾನೆ.

ಮೂರನೆಯದು ಚಿಕ್ಕದು. ಯೂರಿಯಾ, ನಿಕೋಟಿನಮೈಡ್‌ನಂಥವು ಗಾಢವಾಗಿ ವಿಲೀನವಾಗಿರುವ ನೀರು ಔಷಧಿಯನ್ನು ಹೆಚ್ಚು ಹಿಡಿದಿಟ್ಟುಕೊಳ್ಳಬಲ್ಲದು. ಇದಕ್ಕೆ ಕಾರ್ಲ್ ನ್ಯೂಬರ್ಗ್ 1916ರಲ್ಲಿ ಹೈಡ್ರೋಟ್ರೋಪಿ ಎಂದು ಹೆಸರಿಟ್ಟರು. ಹರಳಿನ ಸುತ್ತಲಿನ ತೆಳು ಪದರದಲ್ಲಿ ಕ್ಷಣಕಾಲ ಇದು ನಡೆಯಬಹುದು. ಹೊಟ್ಟೆಯ ನೀರಿನಲ್ಲಿ ತೆಳುವಾದ ಮೇಲೆ ಅದರ ಆಟ ಮುಗಿಯಿತು.

ಜೊತೆಗಾರ ವಸ್ತುವನ್ನು ಆರಿಸುವುದು ಹೇಗೆ?

ನೀರಿನಲ್ಲಿ ಥಟ್ಟನೆ ವಿಲೀನವಾಗಬೇಕು, ದೇಹಕ್ಕೆ ಅಪಾಯವಿರಬಾರದು, ಔಷಧಿಯ ಜೊತೆ ರಾಸಾಯನಿಕ ಕ್ರಿಯೆ ನಡೆಸಬಾರದು, ಬಿಸಿಗೆ ಒಡೆಯಬಾರದು. ಯೂರಿಯಾ, ಮ್ಯಾನಿಟಾಲ್, ಕ್ಸೈಲಿಟಾಲ್, ನಿಕೋಟಿನಮೈಡ್, ಸಕ್ಸಿನಿಕ್ ಆಮ್ಲ, ಸಿಟ್ರಿಕ್ ಆಮ್ಲ, ಪಾಲಿಎಥಿಲೀನ್ ಗ್ಲೈಕಾಲ್ ಅಂದರೆ ಪೆಗ್, ಪೊಲಾಕ್ಸಮರ್ ಮೊದಲಾದವು ಹೆಚ್ಚಾಗಿ ಕಾಣಸಿಗುವ ಹೆಸರುಗಳು.

ಪೆಗ್‌ಗೆ ಒಂದು ಅನುಕೂಲವಿದೆ: 60 ಡಿಗ್ರಿಯ ಆಸುಪಾಸಿನಲ್ಲಿ ದ್ರವವಾಗುವುದರಿಂದ ಔಷಧಿಯನ್ನು ಅತಿಯಾಗಿ ಕಾಯಿಸಬೇಕಿಲ್ಲ. ರಕ್ತದ ಕೊಬ್ಬಿನಂಶ ಇಳಿಸುವ ಫೆನೋಫೈಬ್ರೇಟ್ ತಾನೇ 80 ಡಿಗ್ರಿ ಸುಮಾರಿಗೆ ದ್ರವವಾಗುತ್ತದೆ. ಪೆಗ್ ಜೊತೆ ಅದರ ಯುಟೆಕ್ಟಿಕ್ ಬರುವುದು ತೂಕದಲ್ಲಿ 20ರಿಂದ 25 ಪ್ರತಿಶತ ಔಷಧಿಯಿದ್ದಾಗ. ಮ್ಯಾನಿಟಾಲ್‌ಗಾದರೆ 166 ಡಿಗ್ರಿ ಬೇಕು, ಅಷ್ಟು ಬಿಸಿ ತಡೆಯುವ ಔಷಧಿಗಳು ಕಡಿಮೆ.

ಸರಿಯಾದ ಪ್ರಮಾಣ ಗೊತ್ತಾಗುವುದು ಹೇಗೆ?

ಬೇರೆ ಬೇರೆ ಪ್ರಮಾಣದ ಹತ್ತಾರು ಬೆರಕೆ ಮಾಡಿ, ಒಂದೊಂದನ್ನೂ ಡಿಎಸ್‌ಸಿ ಯಂತ್ರದಲ್ಲಿ, ಅಂದರೆ ಕಾಯುವಾಗ ವಸ್ತು ಹೀರುವ ಉಷ್ಣವನ್ನು ಅಳೆದು ಗೆರೆಯಾಗಿ ಬರೆಯುವ ಯಂತ್ರದಲ್ಲಿ, ನಿಧಾನವಾಗಿ ಕಾಯಿಸಬೇಕು. ಯಾವುದಾದರೂ ಒಂದು ವಸ್ತು ಮಿಗಿಲಾಗಿದ್ದರೆ ಆ ಗೆರೆಯಲ್ಲಿ ಎರಡು ಪೀಕ್, ಅಂದರೆ ಉಬ್ಬು, ಕಾಣುತ್ತವೆ, ಮೊದಲನೆಯದು ಯುಟೆಕ್ಟಿಕ್‌ನದು, ಎರಡನೆಯದು ಮಿಕ್ಕುಳಿದ ವಸ್ತುವಿನದು. ಪ್ರಮಾಣ ಸರಿಹೊಂದಿದಾಗ ಎರಡನೆಯದು ಮಾಯ. ಬಿಂದುಗಳನ್ನು ಜೋಡಿಸಿದರೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಫೇಸ್ ಡಯಾಗ್ರಾಂ ಸಿಗುತ್ತದೆ, ಅದರ ತಳವೇ ಯುಟೆಕ್ಟಿಕ್ ಬಿಂದು. ತಳದ ಹತ್ತಿರ ಎರಡು ಪೀಕ್‌ಗಳು ಒಂದರ ಮೇಲೊಂದು ಬಿದ್ದು ಕಣ್ಣಿಗೆ ಮೋಸ ಮಾಡುತ್ತವೆ. ಆಗ ಯುಟೆಕ್ಟಿಕ್ ಪೀಕ್‌ನ ಉಷ್ಣವನ್ನು ಪ್ರಮಾಣದ ಎದುರು ಗುರುತಿಸಿ ಟಮ್ಮನ್ ತ್ರಿಕೋನ ಬರೆಯುತ್ತಾರೆ. ಆ ತ್ರಿಕೋನದ ತುದಿ ತೋರಿಸುವ ಪ್ರಮಾಣವೇ ನಿಜವಾದದ್ದು.

ಡಿಎಸ್‌ಸಿಯಲ್ಲಿ ಒಂದೇ ಪೀಕ್, ಅದೂ ಕಡಿಮೆ ಉಷ್ಣತೆಯಲ್ಲಿ ಬಂತು. ಯುಟೆಕ್ಟಿಕ್ ತಯಾರಾಯಿತು ಅಂತಲೇ?

ಅವಸರ ಬೇಡ. ಎರಡು ಪುಡಿಗಳನ್ನು ಚಮಚದಲ್ಲಿ ಸುಮ್ಮನೆ ಕಲಸಿ ಡಿಎಸ್‌ಸಿಗೆ ಹಾಕಿದರೂ ಅದೇ ಪೀಕ್ ಬರಬಹುದು. ಕಾಯಿಸುವಾಗ ಕಣಗಳು ಒಂದಕ್ಕೊಂದು ತಾಗುವ ಜಾಗದಿಂದಲೇ ದ್ರವವಾಗುವುದು ಶುರುವಾಗುತ್ತದಲ್ಲ! ಪೀಕ್ ಹೇಳುವುದು ‘ಈ ಜೋಡಿ ಯುಟೆಕ್ಟಿಕ್ ಆಗಬಲ್ಲದು’ ಎಂದಷ್ಟೇ. ನಿಮ್ಮ ಪುಡಿಯಲ್ಲಿ ಸೂಕ್ಷ್ಮ ಹೆಣಿಗೆ ಆಗಲೇ ಇದೆಯೇ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಮತ್ತು ವಿಲೀನ ಪರೀಕ್ಷೆ ಹೇಳಬೇಕು.

ಇದಕ್ಕೂ ಕೋಕ್ರಿಸ್ಟಲ್‌ಗೂ ಏನು ವ್ಯತ್ಯಾಸ?

ಕೋಕ್ರಿಸ್ಟಲ್‌ನಲ್ಲಿ ಎರಡೂ ಅಣುಗಳು ಸೇರಿ ಹೊಸದೊಂದು ಜಾಲ ಕಟ್ಟುತ್ತವೆ. ಎಕ್ಸ್-ರೇ ವಿವರ್ತನೆಯಲ್ಲಿ ಇದು ಕೂಡಲೇ ಸಿಕ್ಕಿಬೀಳುತ್ತದೆ: ಕೋಕ್ರಿಸ್ಟಲ್‌ಗೆ ಹೊಸ ಗೆರೆಗಳು, ಯುಟೆಕ್ಟಿಕ್‌ಗೆ ಎರಡೂ ಹಳೆಯ ವಿನ್ಯಾಸಗಳ ಮೊತ್ತ ಮಾತ್ರ. ಜಾಲ ಹೊಸದಾದ್ದರಿಂದ ಕೋಕ್ರಿಸ್ಟಲ್‌ನ ವಿಲೀನತೆ ನಿಜವಾಗಿಯೂ ಬೇರೆಯಾಗಬಲ್ಲದು.

ಕೋಕ್ರಿಸ್ಟಲ್ ಹುಡುಕಿಕೊಂಡು ಹೊರಟವರಿಗೆ ಯುಟೆಕ್ಟಿಕ್ ಸಿಗುವುದು ಮಾಮೂಲು. ಬೇರೆ ಬಗೆಯ ಅಣುವಿನ ಜೊತೆಗಿನ ಸೆಳೆತ ತನ್ನವರ ಜೊತೆಗಿನ ಸೆಳೆತವನ್ನು ಮೀರದಿದ್ದರೆ, ಅಥವಾ ಅಣುಗಳ ಆಕಾರ ಹೊಂದದಿದ್ದರೆ, ಹೊಸ ಜಾಲ ಕಟ್ಟಲಾಗದು. ಬಹಳ ವರ್ಷ ಇದನ್ನು ‘ವಿಫಲ ಪ್ರಯೋಗ’ ಎಂದು ಟಿಪ್ಪಣಿ ಪುಸ್ತಕದಲ್ಲೇ ಮುಚ್ಚಿಡುತ್ತಿದ್ದರು. ಆ ನೋಟ ಬದಲಾಗಲು ಭಾರತೀಯ ರಸಾಯನವಿಜ್ಞಾನಿ ಅಶ್ವಿನಿ ನಂಗಿಯಾ ಅವರ ತಂಡದ ಕೆಲಸವೂ ಒಂದು ಕಾರಣ. 2012ರಲ್ಲಿ ಅವರು ಅರಿಶಿನದ ಕರ್ಕ್ಯುಮಿನ್‌ನ ಹಲವು ಯುಟೆಕ್ಟಿಕ್‌ಗಳನ್ನು ವರದಿ ಮಾಡಿದರು. ನಿಕೋಟಿನಮೈಡ್, ಟಾರ್ಟಾರಿಕ್ ಆಮ್ಲ, ಫೆರುಲಿಕ್ ಆಮ್ಲ ಅಲ್ಲಿ ಜೊತೆಗಾರರಾಗಿದ್ದವು.

ತಯಾರಿಸುವ ವಿಧಾನಗಳು?

ಹಳೆಯದು ಕಾಯಿಸಿ ತಣಿಸುವುದು. ಬೇಗ ತಣಿಸಿದಷ್ಟೂ ಹರಳು ಸಣ್ಣ. ಬಿಸಿ ತಡೆಯದ ಔಷಧಿಯಾದರೆ ಎರಡನ್ನೂ ಒಂದು ದ್ರಾವಕದಲ್ಲಿ ವಿಲೀನಗೊಳಿಸಿ ಅದನ್ನು ಆವಿ ಮಾಡುತ್ತಾರೆ, ಆದರೆ ಮಿಕ್ಕುಳಿದ ದ್ರಾವಕದ ಲೆಕ್ಕ ಒಪ್ಪಿಸಬೇಕಾಗುತ್ತದೆ. ಒಣಗಿದ್ದನ್ನೇ ಅರೆಯುವುದು, ಎರಡು ಹನಿ ದ್ರಾವಕ ಹಾಕಿ ಅರೆಯುವುದು ಪ್ರಯೋಗಾಲಯಕ್ಕೆ ಸಲೀಸು. ಕಾರ್ಖಾನೆಯ ಪ್ರಮಾಣಕ್ಕೆ ಬಂದಾಗ ಹಾಟ್ ಮೆಲ್ಟ್ ಎಕ್ಸ್‌ಟ್ರೂಷನ್, ಅಂದರೆ ಬಿಸಿ ತಿರುಪಿನ ಮೂಲಕ ತಳ್ಳಿ ಎಳೆಯಾಗಿ ಹೊರತೆಗೆಯುವುದು, ಅನುಕೂಲ.

ಯೂರಿಯಾವನ್ನು ದ್ರವನ ಬಿಂದುವಿನ ಮೇಲೆ ಹೆಚ್ಚು ಹೊತ್ತು ಇಡಬೇಡಿ. ಒಡೆದು ಬೈಯುರೆಟ್ ಎಂಬ ಬೇರೆಯೇ ವಸ್ತುವಾಗುತ್ತದೆ.

ಎರಡೂ ಔಷಧಿಗಳೇ ಆಗಿರಬಹುದೇ?

ಆಗಿರಬಹುದು. ಕ್ಷಯರೋಗದ ಎರಡು ಔಷಧಿಗಳಾದ ಪೈರಜಿನಮೈಡ್ ಮತ್ತು ಐಸೋನಿಯಜಿಡ್ ಯುಟೆಕ್ಟಿಕ್ ಆಗುತ್ತವೆ. ಆದರೆ ಎಲ್ಲರಿಗಿಂತ ಹೆಸರು ಮಾಡಿದ ಉದಾಹರಣೆ ಎಮ್ಲಾ ಕ್ರೀಮ್. ಸೂಜಿ ಚುಚ್ಚುವ ಮೊದಲು ಚರ್ಮವನ್ನು ಮರಗಟ್ಟಿಸಲು ಹಚ್ಚುತ್ತಾರೆ. ಲಿಡೋಕೇನ್ 68 ಡಿಗ್ರಿಯಲ್ಲಿ, ಪ್ರಿಲೋಕೇನ್ 37–38 ಡಿಗ್ರಿಯಲ್ಲಿ ದ್ರವವಾಗುತ್ತವೆ. ಸಮತೂಕದಲ್ಲಿ ಬೆರೆಸಿದರೆ 18 ಡಿಗ್ರಿ, ಅಂದರೆ ಕೋಣೆಯ ಉಷ್ಣತೆಯಲ್ಲೇ ಎಣ್ಣೆ! ಬೇರೆ ಎಣ್ಣೆಯ ಹಂಗಿಲ್ಲದೆ ಈ ಔಷಧಿ-ಎಣ್ಣೆಯನ್ನೇ ನೀರಿನಲ್ಲಿ ಹನಿಹನಿಯಾಗಿ ಹರಡುತ್ತಾರೆ. ಕ್ರೀಮಿನಲ್ಲಿ ಎರಡೂ 2.5 ಪ್ರತಿಶತದಷ್ಟೇ ಇದ್ದರೂ ಹನಿಯೊಳಗಿರುವುದು ಬಹುಪಾಲು ಔಷಧಿಯೇ, ಚರ್ಮದೊಳಗೆ ನುಗ್ಗಲು ಬೇಕಾದ ಒತ್ತಡ ಅಲ್ಲಿಂದ ಬರುತ್ತದೆ. ಪ್ರಿಲೋಕೇನ್ ಹೆಚ್ಚಾದರೆ ರಕ್ತದ ಆಮ್ಲಜನಕ ಸಾಗಣೆಗೆ ಅಡ್ಡಿಯಾಗುವ ಮೆಥೆಮೊಗ್ಲೊಬಿನೀಮಿಯ ಬರಬಹುದು, ಹಸುಗೂಸುಗಳಲ್ಲಿ ಎಚ್ಚರಿಕೆ ಅಗತ್ಯ.

ಈ ಬಗೆಯದಕ್ಕೂ ಯೂರಿಯಾ ಮಿಶ್ರಣಕ್ಕೂ ಒಂದು ಮೂಲಭೂತ ಅಂತರವಿದೆ. ಇಲ್ಲಿ ಬಳಸುವ ಹೊತ್ತಿನಲ್ಲಿ ಹರಳೇ ಉಳಿದಿಲ್ಲ. ಹರಳನ್ನು ಒಡೆಯುವ ಖರ್ಚು ಮೊದಲೇ ತೀರಿದೆ. ಐಬುಪ್ರೊಫೆನ್ ಮತ್ತು ಮೆಂಥಾಲ್ ಜೋಡಿಯೂ ಹೀಗೆಯೇ, 19 ಡಿಗ್ರಿ ಸುಮಾರಿಗೆ ದ್ರವವಾಗುತ್ತದೆ, ಚರ್ಮದ ಮೂಲಕ ಔಷಧಿ ಸಾಗಿಸುವವರಿಗೆ ಅಚ್ಚುಮೆಚ್ಚು.

ಡೀಪ್ ಯುಟೆಕ್ಟಿಕ್ ಎನ್ನುತ್ತಾರಲ್ಲ, ಅದೇನು?

ದ್ರವನ ಬಿಂದು ಆಳಕ್ಕೆ ಕುಸಿಯುವ ಜೋಡಿಗಳು. 2003ರಲ್ಲಿ ಆ್ಯಂಡ್ರ್ಯೂ ಅಬಾಟ್ ತಂಡ ತೋರಿಸಿದ ಕೋಲೀನ್ ಕ್ಲೋರೈಡ್ ಮತ್ತು ಯೂರಿಯಾ ಜೋಡಿ ಮಾದರಿಯಾಗಿ ನಿಂತಿದೆ: 302 ಡಿಗ್ರಿಯದೊಂದು, 133 ಡಿಗ್ರಿಯದೊಂದು, ಒಂದಕ್ಕೆರಡು ಅಣುಗಳ ಪ್ರಮಾಣದಲ್ಲಿ ಬೆರೆತರೆ 12 ಡಿಗ್ರಿ. ಇದನ್ನು ದ್ರಾವಕವಾಗಿ ಬಳಸಿ, ನೀರಿಗೆ ಒಗ್ಗದ ಔಷಧಿಯನ್ನು ಅದರಲ್ಲಿ ಹಿಡಿದಿಡಬಹುದು. ಈ ದ್ರವದೊಳಗಿನ ವಿಲೀನತೆಯ ಏರಿಕೆ ನಿಜವಾದದ್ದೇ. ಆದರೆ ಹೊಟ್ಟೆಯ ನೀರು ಸೇರಿ ತೆಳುವಾದಾಗ ಔಷಧಿ ಮತ್ತೆ ಹರಳಾಗಿ ಕೆಳಗಿಳಿಯಬಹುದು. ವರದಿ ಓದುವಾಗ ‘ನೀರು ಬೆರೆಸಿದ ಮೇಲೆ ಏನಾಯಿತು?’ ಎಂಬ ಸಾಲನ್ನು ಮೊದಲು ಹುಡುಕಿ.

ಅಮಾರ್ಫಸ್ ರೂಪ ಇರುವಾಗ ಯುಟೆಕ್ಟಿಕ್ ಏಕೆ ಬೇಕು?

ಅಮಾರ್ಫಸ್, ಅಂದರೆ ಹರಳಿಲ್ಲದ ರೂಪ, ವಿಲೀನತೆಯನ್ನೇ ಏರಿಸುತ್ತದೆ. ಶಕ್ತಿಯಲ್ಲಿ ಅದರ ಮುಂದೆ ಯುಟೆಕ್ಟಿಕ್ ಸಪ್ಪೆ. ಆದರೆ ಅದು ಸದಾ ಹರಳಾಗಲು ತವಕಿಸುತ್ತಿರುತ್ತದೆ, ತೇವ ತಗುಲಿದರೆ ಇನ್ನೂ ಬೇಗ. ಯುಟೆಕ್ಟಿಕ್‌ನಲ್ಲಿ ಔಷಧಿ ಆಗಲೇ ಹರಳಾಗಿದೆ, ಬೀಳಲು ಕೆಳಗೆ ಜಾಗವಿಲ್ಲ.

ಹಾಗೆಂದು ಪೂರ್ತಿ ನಿಶ್ಚಿಂತೆಯೂ ಇಲ್ಲ. ಸಣ್ಣ ಹರಳುಗಳು ಕಾಲಕ್ರಮೇಣ ದೊಡ್ಡದಾಗುತ್ತವೆ. ಸಂಗ್ರಹದ ಉಷ್ಣತೆ ಯುಟೆಕ್ಟಿಕ್ ಬಿಂದುವಿನ ಹತ್ತಿರ ಬಂದರೆ ಆ ಬೆಳವಣಿಗೆ ಚುರುಕಾಗುತ್ತದೆ, ಗಳಿಸಿದ ಮೇಲ್ಮೈ ಸದ್ದಿಲ್ಲದೆ ಕೈಜಾರುತ್ತದೆ.

ಮಾತ್ರೆ ಮಾಡುವಾಗ ಏನು ತೊಂದರೆ?

ಮೊದಲನೆಯದು ಗಾತ್ರ. ಫೆನೋಫೈಬ್ರೇಟ್ ಲೆಕ್ಕವನ್ನೇ ತೆಗೆದುಕೊಳ್ಳಿ. ಡೋಸ್ 160 ಮಿಲಿಗ್ರಾಂ, ಯುಟೆಕ್ಟಿಕ್‌ನಲ್ಲಿ ಔಷಧಿ 20 ಪ್ರತಿಶತ ಎಂದರೆ ಮಿಶ್ರಣವೇ 800 ಮಿಲಿಗ್ರಾಂ. ಮಿಕ್ಕ ಸಹಪದಾರ್ಥ ಸೇರಿಸಿದರೆ ನುಂಗುವವರ ಗಂಟಲು ಒಪ್ಪಬೇಕಲ್ಲ. ಪ್ರಮಾಣವನ್ನು ಆರಿಸುವುದು ನಾವಲ್ಲ, ಫೇಸ್ ಡಯಾಗ್ರಾಂ.

ಎರಡನೆಯದು ಅಂಟು. ಮಾತ್ರೆ ಒತ್ತುವ ಯಂತ್ರ ಓಡುತ್ತಾ ಬಿಸಿಯಾಗುತ್ತದೆ, ಕಡಿಮೆ ಉಷ್ಣತೆಗೆ ಮೆದುವಾಗುವ ಪುಡಿ ಅಚ್ಚಿಗೆ ಮೆತ್ತಿಕೊಳ್ಳುತ್ತದೆ. ಬೇಡದ ಕಡೆ ಯುಟೆಕ್ಟಿಕ್ ಆಗುವುದೂ ಇದೆ: ಐಬುಪ್ರೊಫೆನ್‌ನಂಥವು ಕೆಲವು ಸಹಪದಾರ್ಥಗಳ ಜೊತೆ ಹೀಗೆ ಸೇರಿ ಕಾಟ ಕೊಡುತ್ತವೆ. ಹಾಗಾಗಿ ಮಾತ್ರೆ ರೂಪಿಸುವ ಅನೇಕರಿಗೆ ಯುಟೆಕ್ಟಿಕ್ ಎಂಬ ಪದ ಮೊದಲು ಪರಿಚಯವಾಗುವುದು ಶತ್ರುವಾಗಿ.

ಎಲ್ಲ ಕಡಿಮೆ ವಿಲೀನತೆಯ ಔಷಧಿಗಳಿಗೂ ಇದು ಒದಗುತ್ತದೆಯೇ?

ಇಲ್ಲ, ಮತ್ತು ಇದನ್ನು ಮೊದಲೇ ಲೆಕ್ಕ ಹಾಕಬಹುದು. ಶಿಲೀಂಧ್ರನಾಶಕ ಗ್ರಿಸಿಯೋಫುಲ್ವಿನ್ ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಮಾತ್ರ ವಿಲೀನವಾಗುತ್ತದೆ. 500 ಮಿಲಿಗ್ರಾಂ ಡೋಸ್‌ಗೆ 50 ಲೀಟರ್ ನೀರು ಬೇಕಾಯಿತು. ಇಂಥ ಕಡೆ ವೇಗ ಹೆಚ್ಚಿಸಿದರೆ ಒಂದಷ್ಟು ಅನುಕೂಲವಾಗುತ್ತದೆ, ಏಕೆಂದರೆ ಕರುಳು ಹೀರಿದಂತೆಲ್ಲ ಜಾಗ ತೆರವಾಗುತ್ತಾ ಹೋಗುತ್ತದೆ. ಆದರೆ ಮಿತಿ ಬೇಗ ಎದುರಾಗುತ್ತದೆ. ಡೋಸ್ ಚಿಕ್ಕದಿದ್ದು, ನಿಧಾನವೇ ಮುಖ್ಯ ಅಡ್ಡಿಯಾಗಿದ್ದರೆ ಯುಟೆಕ್ಟಿಕ್ ಸೊಗಸಾಗಿ ಕೆಲಸ ಮಾಡುತ್ತದೆ. ಬಿಸಿಎಸ್ ನಾಲ್ಕನೇ ವರ್ಗದ ಔಷಧಿ ವಿಲೀನವಾದರೂ ಗೋಡೆ ದಾಟದು, ಅದಕ್ಕೆ ಬೇರೆ ದಾರಿ ಹುಡುಕಬೇಕು.

ನಾನೇ ಮಾತ್ರೆ ಪುಡಿಮಾಡಿ ಏನಾದರೂ ಬೆರೆಸಿಕೊಳ್ಳಬಹುದೇ?

ಬೇಡ. ಹೀರಿಕೆ ಹೆಚ್ಚಾದರೆ ಅದೇ ಮಾತ್ರೆ ಮಿತಿಮೀರಿದ ಡೋಸ್ ಆಗಬಹುದು.

ಪ್ರಬಂಧದಲ್ಲಿ ‘ಎಂಟು ಪಟ್ಟು ಸುಧಾರಣೆ’ ಎಂದು ಓದಿದರೆ ಏನನ್ನು ನೋಡಬೇಕು?

ಹೋಲಿಕೆ ಯಾವುದರ ಜೊತೆ ಎಂಬುದನ್ನು. ಒರಟು ಹರಳಿನ ಔಷಧಿಯ ಪಕ್ಕದಲ್ಲಿ ನಿಲ್ಲಿಸಿದರೆ ಯಾವ ಮಿಶ್ರಣವೂ ಗೆಲ್ಲುತ್ತದೆ. ಪಕ್ಕದಲ್ಲಿರಬೇಕಾದವು ಎರಡು: ಅದೇ ಪ್ರಮಾಣದಲ್ಲಿ ಸುಮ್ಮನೆ ಕಲಸಿದ ಪುಡಿ, ಮತ್ತು ಅಷ್ಟೇ ನುಣ್ಣಗೆ ಅರೆದ ಔಷಧಿ. ಮೊದಲನೆಯದು ಜೊತೆಗಾರನ ಪಾಲನ್ನು ಬೇರ್ಪಡಿಸುತ್ತದೆ, ಎರಡನೆಯದು ಕಣದ ಗಾತ್ರದ ಪಾಲನ್ನು. ಆಮೇಲೆ ಎಷ್ಟನೇ ನಿಮಿಷದ ಅಂಕಿ ಎಂದು ನೋಡಿ. 900 ಮಿಲಿಲೀಟರ್ ನೀರು, 37 ಡಿಗ್ರಿ, ತಿರುಗುವ ಪ್ಯಾಡಲ್: ಇದು ರೂಢಿಯ ಪರೀಕ್ಷೆ. ಐದನೇ ನಿಮಿಷದಲ್ಲಿ ಎಂಟು ಪಟ್ಟಿದ್ದದ್ದು ಎರಡನೇ ಗಂಟೆಯಲ್ಲಿ ಸಮಸಮವಾಗಿದ್ದರೆ ಗಾಬರಿ ಬೇಡ. ಯುಟೆಕ್ಟಿಕ್ ತನ್ನ ಕೆಲಸ ಮಾಡಿದೆ, ಶೀರ್ಷಿಕೆಯಲ್ಲಿ ‘ವಿಲೀನತೆ’ ಎಂದಿರುವ ಕಡೆ ‘ವಿಲೀನದ ವೇಗ’ ಎಂದು ತಿದ್ದಿಕೊಂಡು ಓದಿ.